ಚಿಕ್ಕಮ್ಮ ಎದ್ದರೆ ನಿಲ್ಲುವ ಪ್ರಿಂಟರ್

"ಚಿಕ್ಕಮ್ಮಾ, ದಮ್ಮಯ್ಯ ಅಂತೀನಿ, ಏಳಬೇಡಿ! ಇನ್ನು ನಾಲ್ಕೇ ನಾಲ್ಕು ಹಾಳೆ ಇದೆ!"

ಹೀಗೆ ಕೂಗಿಕೊಂಡು ಕಾರಿಡಾರಿನಿಂದ ಓಡಿ ಬಂದವನು ಬಸ್ ಕಂಪನಿಯ ದೂರು ವಿಭಾಗದ ಗುಮಾಸ್ತ. ಕಳೆದುಹೋದ ಸಾಮಾನಿನ ವಿಭಾಗದ ಚಿಕ್ಕಮ್ಮ ಆಗಲೇ ಅರ್ಧ ಎದ್ದಿದ್ದರು. ವಯಸ್ಸಿನಲ್ಲೂ ಗಾತ್ರದಲ್ಲೂ ಆಫೀಸಿಗೆಲ್ಲ ದೊಡ್ಡವರು, ಆದರೂ ಮ್ಯಾನೇಜರ್ ಮೇಡಂ ಸೇರಿದಂತೆ ಎಲ್ಲರಿಗೂ ಅವರು ಚಿಕ್ಕಮ್ಮನೇ.

"ಏಳಬೇಡಿ ಅಂದ್ರೆ? ಬೆಳಗ್ಗೆಯಿಂದ ಒಂದು ಲೋಟ ಟೀ ಕುಡಿದಿಲ್ಲ ನಾನು. ನಾನೇನು ಕೋಳೀನಾ, ಕಾವು ಕೂರೋದಕ್ಕೆ?" ಎಂದು ಅವರು ಪೂರ್ತಿ ಎದ್ದರು. ಕಂಪ್ಯೂಟರಿನ ಮುಖಕ್ಕೆ ಹೂವಿನ ಬಟ್ಟೆ ಹೊದಿಸಿ, ಲೋಟ ಹಿಡಿದುಕೊಂಡು ಹೊರಟೇಬಿಟ್ಟರು.

ಕಾರಿಡಾರಿನಲ್ಲಿ ಗರಗರ ಎನ್ನುತ್ತಿದ್ದ ಹೊಸ ಪ್ರಿಂಟರ್ ಗಪ್ಪೆಂದಿತು.

"ನೋಡಿದ್ಯಾ ಇಂಜಿನಿಯರ್ರೇ? ಐದನೇ ಸಲ ಇದು. ಅವರು ಕೂತ್ರೆ ಓಡುತ್ತೆ, ಎದ್ರೆ ನಿಲ್ಲುತ್ತೆ. ಇದು ಪ್ರಿಂಟರ್ ಅಲ್ಲ ಕಣಯ್ಯ, ತಾಯಿ ಬಿಟ್ಟಿರದ ಮಗು!"

ಇಂಜಿನಿಯರ್ ಎನ್ನಿಸಿಕೊಂಡವನು ನಿಜವಾಗಿ ವೇಳಾಪಟ್ಟಿ ವಿಭಾಗದ ಗುಮಾಸ್ತ. ಒಮ್ಮೆ ಮೇಡಂ ತಲೆಯ ಮೇಲಿನ ಫ್ಯಾನಿನ ಕಿರಿಕಿರಿ ಸದ್ದು ನಿಲ್ಲಿಸಿದ್ದಕ್ಕೆ ದೂರು ವಿಭಾಗದವನು ಕೊಟ್ಟ ಬಿರುದು ಅದು. ಬಿರುದು ಬಂದದ್ದೇ ಬಂದದ್ದು, ಆಫೀಸಿನಲ್ಲಿ ಯಾವ ತಂತಿ ಸಡಿಲವಾದರೂ ಇವನನ್ನೇ ಕರೆಯುವುದು ರೂಢಿಯಾಯಿತು. ಇವನಿಗೂ ಒಳಗೊಳಗೇ ಖುಷಿ. ಹಾಗಾಗಿ ಮೇಜಿಗೊಂದರಂತೆ ಇದ್ದ ಹಳೆಯ ಪ್ರಿಂಟರುಗಳನ್ನೆಲ್ಲ ತೆಗೆದು, ಎಲ್ಲರಿಗೂ ಸೇರಿ ಒಂದೇ ದೊಡ್ಡ ಪ್ರಿಂಟರ್ ತಂದಾಗ, "ಜೋಡಿಸೋಕೆ ಹೊರಗಿನವರು ಯಾಕೆ ಮೇಡಂ? ನಾನಿಲ್ವಾ?" ಎಂದು ಎದೆ ತಟ್ಟಿಕೊಂಡಿದ್ದ.

ಎದೆ ತಟ್ಟಿಕೊಳ್ಳಲು ಇನ್ನೊಂದು ಕಾರಣವೂ ಇತ್ತು. ಹೊರಗಿನವರು ಎಂದರೆ ಯಾರು? ಪ್ರಿಂಟರ್ ಮಾರಿದ ಅಂಗಡಿಯ ಮೆಕ್ಯಾನಿಕ್. ಆ ಮೆಕ್ಯಾನಿಕ್ ಯಾರು? ಇವನ ಸ್ವಂತ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಆರು ವರ್ಷದ ಹಿಂದೆ ಇವನ ಮನೆಯ ಟೀವಿ ಕೆಟ್ಟಿದೆಯೆಂದು ಕರೆಸಿದಾಗ, ಆ ಮಹಾರಾಯ ರಿಮೋಟಿನ ಬೆನ್ನು ಬಿಚ್ಚಿ, ಉಲ್ಟಾ ಹಾಕಿದ್ದ ಸೆಲ್ಲುಗಳನ್ನು ಸರಿಯಾಗಿ ಹಾಕಿ, ಏನೂ ಹೇಳದೆ ಹೋಗಿದ್ದ. ಇವನ ಮುಂದೆ ಹೇಳಲಿಲ್ಲ, ಅಷ್ಟೆ. ಅಂದಿನಿಂದ ಅತ್ತೆಯ ಮನೆಯಲ್ಲಿ ಎಲ್ಲರೂ ಊಟಕ್ಕೆ ಸೇರಿದಾಗಲೆಲ್ಲ ಆ ಕಥೆ ಬಡಿಸದೆ ಊಟ ಮುಗಿಯುತ್ತಿರಲಿಲ್ಲ. ಷಡ್ಡಕನ ಮಕ್ಕಳು ಇವನನ್ನು ದೊಡ್ಡಪ್ಪ ಎನ್ನುವುದನ್ನೇ ಬಿಟ್ಟು "ಉಲ್ಟಾ ದೊಡ್ಡಪ್ಪ" ಎನ್ನುತ್ತಿದ್ದವು. ಈಗೀಗ ಕಥೆಗೆ ವಯಸ್ಸಾಗಿ ಸ್ವಲ್ಪ ಸೊರಗಿತ್ತು. ನಾಳೆ ಭಾನುವಾರ ಮತ್ತೆ ಎಲ್ಲರೂ ಸೇರುವವರಿದ್ದರು. ಹೊಸ ಕಥೆಯೊಂದು ಹುಟ್ಟಿದರೆ ಇನ್ನಾರು ವರ್ಷಕ್ಕೆ ಸಾಕು.

"ನಾಲ್ಕು ಗಂಟೆಗೆ ವ್ಯಾನ್ ಬರುತ್ತೆ," ಮೇಡಂ ಬಾಗಿಲಲ್ಲಿ ನಿಂತು ಹೇಳಿದರು. "ನೂರಿಪ್ಪತ್ತು ನಿಲ್ದಾಣಕ್ಕೆ ಹೊಸ ವೇಳಾಪಟ್ಟಿ ಅಂಟಿಸ್ಬೇಕು. ಎಷ್ಟಾಗಿದೆ?"

"ಮೂವತ್ತೊಂದು, ಮೇಡಂ."

"ಆಗದಿದ್ರೆ ಹೇಳಿಬಿಡಿ. ಅಂಗಡಿಯವರಿಗೆ ಒಂದು ಫೋನ್ ಹಾಕ್ತೀನಿ."

"ಬೇಡ ಮೇಡಂ! ಆಗ್ಲೇ ಕೈಗೆ ಸಿಕ್ಕಿದೆ, ಬಾಲ ಹಿಡಿಯೋದೊಂದೇ ಬಾಕಿ."

ಬಾಲವಿರಲಿ, ತಲೆಯೆಲ್ಲಿದೆ ಎನ್ನುವುದೇ ಅವನಿಗೆ ತಿಳಿದಿರಲಿಲ್ಲ. ಜೋಡಿಸಿದ್ದನ್ನು ಮನಸ್ಸಿನಲ್ಲೇ ಮತ್ತೆ ಬಿಚ್ಚಿ ನೋಡಿದ. ಕಾರಿಡಾರಿನ ಗೋಡೆಗೆ ಹತ್ತಿರವಿದ್ದ ಮೇಜು ಚಿಕ್ಕಮ್ಮನದೊಂದೇ. ಆದ್ದರಿಂದ ಪ್ರಿಂಟರಿನ ವೈರನ್ನು ಅವರ ಕಂಪ್ಯೂಟರಿಗೆ ಸಿಕ್ಕಿಸಿದ್ದ. ಉಳಿದ ಐದು ಕಂಪ್ಯೂಟರುಗಳು ಅದರ ಮೂಲಕವೇ ಪ್ರಿಂಟರಿಗೆ ಮಾತು ಮುಟ್ಟಿಸಬೇಕು. ಅದನ್ನೂ ಹೇಳಿಕೊಟ್ಟಿದ್ದ. ಪ್ರಿಂಟರಿನ ಹಸಿರು ದೀಪ ಉರಿಯುತ್ತಲೇ ಇತ್ತು. ಹಾಳೆ ಇತ್ತು, ಶಾಯಿ ಇತ್ತು. ಚಿಕ್ಕಮ್ಮ ಮಾತ್ರ ಕುರ್ಚಿಯಲ್ಲಿರಲಿಲ್ಲ.

"ಚಿಕ್ಕಮ್ಮ, ಏಳುವಾಗ ಏನಾದ್ರೂ ಮುಟ್ಟಿದ್ರಾ?" ಟೀ ಮುಗಿಸಿ ಬಂದವರನ್ನು ಅವನು ಕೇಳಿದ.

"ಲೋಟ ಮುಟ್ಟಿದೆ."

"ಕಂಪ್ಯೂಟರು?"

"ಅದಕ್ಕೆ ಬಟ್ಟೆ ಹಾಕ್ದೆ. ಬಸ್ಸಿನ ಧೂಳು ಕೂರುತ್ತಲ್ಲ ಮಗ. ಅದು ಬಿಟ್ರೆ ಏನೂ ಮುಟ್ಟಿಲ್ಲ. ಸರಿ ಈಚೆಗೆ, ಅದು ನನ್ನ ಕುರ್ಚಿ."

ಆ ಕುರ್ಚಿಯಲ್ಲಿ ಬೇರೆಯವರು ಕೂರುವ ಹಾಗಿರಲಿಲ್ಲ. ಚಿಕ್ಕಮ್ಮ ಕೂತರು. ಬಟ್ಟೆಯನ್ನು ಮೆಲ್ಲಗೆ ತೆಗೆದು, ಕೊಡವಿ, ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿ, ಮಡಿಕೆ ಸರಿಬರಲಿಲ್ಲವೆಂದು ಬಿಚ್ಚಿ ಮತ್ತೆ ಮಡಚಿದರು. ಇಂಜಿನಿಯರ್ ಇಣುಕಿ ನೋಡುವ ಹೊತ್ತಿಗೆ ಪರದೆ ಎಂದಿನಂತೆ ಬೆಳಗುತ್ತಿತ್ತು. ಕಾರಿಡಾರಿನಲ್ಲಿ ಪ್ರಿಂಟರ್ ಕೆಮ್ಮಿ, ತಡೆದಿಟ್ಟುಕೊಂಡಿದ್ದ ಹಾಳೆಗಳನ್ನು ಒಂದರ ಹಿಂದೊಂದರಂತೆ ಉಗುಳತೊಡಗಿತು.

"ಭಾರ!" ದೂರು ವಿಭಾಗದವನು ಚಿಟಿಕೆ ಹೊಡೆದ. "ಭಾರದ ವಿಷಯ ಕಣೋ ಇದು. ಚಿಕ್ಕಮ್ಮ ಕೂತಾಗ ಕುರ್ಚಿ ಕೆಳಗಿನ ನೆಲದ ಹಲಗೆ ತಗ್ಗುತ್ತೆ, ಕೆಳಗಿರೋ ವೈರು ಒತ್ತಿಕೊಳ್ಳುತ್ತೆ. ಎದ್ದಾಗ ಸಡಿಲ ಆಗುತ್ತೆ."

ಬೇರೆ ದಿನವಾಗಿದ್ದರೆ ಇಂಜಿನಿಯರ್ ನಕ್ಕುಬಿಡುತ್ತಿದ್ದ. ಆದರೆ ಗಂಟೆ ಎರಡೂವರೆ ದಾಟಿತ್ತು. ಚಿಕ್ಕಮ್ಮ ಕೈ ತೊಳೆಯಲು ಹೋದದ್ದೇ ತಡ, ಇಬ್ಬರೂ ಕಪಾಟಿನಿಂದ ವಾರಸುದಾರರಿಲ್ಲದ ಎರಡು ಸೂಟ್‌ಕೇಸು ತಂದು ಕುರ್ಚಿಯ ಮೇಲೇರಿಸಿದರು. ಪ್ರಿಂಟರ್ ಮಿಸುಕಲಿಲ್ಲ. ಯಾರೋ ಪುಣ್ಯಾತ್ಮರು ಬಸ್ಸಿನಲ್ಲಿ ಬಿಟ್ಟುಹೋಗಿದ್ದ ಡೋಲನ್ನು ಅದರ ಮೇಲಿಟ್ಟರು. ಊಹೂಂ. ಡೋಲಿನ ಮೇಲೆ ಒಂದು ಕಟ್ಟು ಕೊಡೆ. ಊಹೂಂ.

"ಇನ್ನೂ ಭಾರ ಬೇಕೇನೋ," ಎಂದ ದೂರು ವಿಭಾಗದವನು.

"ಇನ್ನೂ ಬೇಕಾ?" ಎಂದು ಹಿಂದಿನಿಂದ ಧ್ವನಿ ಬಂತು. ಚಿಕ್ಕಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. "ನನ್ನ ಜಾಗದಲ್ಲಿ ಡೋಲು ಕೂರಿಸಿದ್ದೀರಾ? ಸರಿ, ಸಂಬಳಾನೂ ಅದಕ್ಕೇ ಕೊಡಿಸಿ. ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿದೆ ನಂಗೆ, ಅಷ್ಟರೊಳಗೇ ಡೋಲು ಬಂತು."

"ಅಯ್ಯೋ, ಅದು ಪ್ರಯೋಗ ಚಿಕ್ಕಮ್ಮ…"

"ಇಳಿಸು."

ಇಳಿಸಿದರು. ಚಿಕ್ಕಮ್ಮ ಕೂತರು. ಪ್ರಿಂಟರ್ ಓಡಿತು. ದೂರು ವಿಭಾಗದವನು ಎರಡೂ ಕೈ ಮೇಲೆತ್ತಿ ಜಾಗ ಖಾಲಿ ಮಾಡಿದ. ಹೋಗುವಾಗ ಸುಮ್ಮನೆ ಹೋಗದೆ ಮೇಡಂ ಕೋಣೆಗೂ ಒಮ್ಮೆ ತಲೆ ಹಾಕಿದ್ದನ್ನು ಇಂಜಿನಿಯರ್ ಗಮನಿಸಲಿಲ್ಲ.

ಗಮನಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಅಂಗಿಯ ತೋಳು ಮಡಚಿಕೊಂಡು ಚಿಕ್ಕಮ್ಮನ ಮೇಜಿನ ಕೆಳಗೆ ತೂರಿದ್ದ. ಅಲ್ಲಿ ಹತ್ತೊಂಬತ್ತು ವರ್ಷದ ಧೂಳು, ಎರಡು ಬಾಚಣಿಗೆ, ಒಂದು ಮಗುವಿನ ಕಾಲುಚೀಲ ಇದ್ದವು. ಒಂದೊಂದೇ ವೈರನ್ನು ಬೆರಳಲ್ಲಿ ಸವರುತ್ತ ಹೋದ. ಎಲ್ಲವೂ ಬಿಗಿಯಾಗಿದ್ದವು. ಅವನ ಕಣ್ಣಲ್ಲಿ ನಾಳೆಯ ಊಟದ ಮೇಜೇ ಕುಣಿಯುತ್ತಿತ್ತು.

"ಯಾರಾದ್ರೂ ಇದ್ದೀರಾ? ನಿನ್ನೆ ಬಸ್ಸಲ್ಲಿ ಟೋಪಿ ಮರೆತೆ," ಎಂದು ಕೌಂಟರಿನಿಂದ ಯಾರೋ ಕರೆದರು.

"ಬಂದೆ," ಎಂದರು ಚಿಕ್ಕಮ್ಮ.

ಆಗ ಅವನ ಮೂಗಿನಿಂದ ಒಂದು ಗೇಣು ದೂರದಲ್ಲಿ ಒಂದು ಸಂಗತಿ ನಡೆಯಿತು. ಚಿಕ್ಕಮ್ಮನ ಬಲಗಾಲು ಚಪ್ಪಲಿಯಿಂದ ಮೆಲ್ಲಗೆ ಹೊರಬಂತು. ಹೆಬ್ಬೆರಳು ಕತ್ತಲಲ್ಲಿ ತಡವರಿಸಲೂ ಇಲ್ಲ, ನೇರ ನೆಲದ ಮೇಲಿದ್ದ ವಿದ್ಯುತ್ ಬೋರ್ಡಿಗೆ ಹೋಗಿ, ಸ್ವಿಚ್ಚನ್ನು ಟಕ್ಕೆಂದು ಒತ್ತಿ, ಅಷ್ಟೇ ನಯವಾಗಿ ಚಪ್ಪಲಿಯೊಳಗೆ ಹಿಂತಿರುಗಿತು. ಅವನ ಕಿವಿಯ ಪಕ್ಕ ಕಂಪ್ಯೂಟರ್ ನಿಟ್ಟುಸಿರು ಬಿಟ್ಟು ಸತ್ತಿತು. ಮೇಲೆ ಹೂವಿನ ಬಟ್ಟೆ ಹೊದಿಸಿದ ಸದ್ದಾಯಿತು. ಕಾರಿಡಾರಿನಲ್ಲಿ ಪ್ರಿಂಟರ್ ಗಪ್ಪೆಂದಿತು.

ಇಂಜಿನಿಯರ್ ಎದ್ದ ರಭಸಕ್ಕೆ ತಲೆ ಮೇಜಿಗೆ ಬಡಿಯಿತು.

ಟೋಪಿಯವರು ಹೋದ ಮೇಲೆ ಅವನು ಚಿಕ್ಕಮ್ಮನನ್ನು ಪಕ್ಕಕ್ಕೆ ಕರೆದು, ಯಾರಿಗೂ ಕೇಳದಂತೆ ಹೇಳಿದ. ಅವರು ಮೊದಲು ನಂಬಲಿಲ್ಲ. ಆಮೇಲೆ ತಮ್ಮ ಕಾಲನ್ನು, ಬೇರೆ ಯಾರದ್ದೋ ಕಾಲು ತಮ್ಮ ಚಪ್ಪಲಿಯಲ್ಲಿದೆ ಎನ್ನುವ ಹಾಗೆ ನೋಡಿಕೊಂಡರು.

"ಹಿಂದಿನ ಮ್ಯಾನೇಜರು ಕರೆಂಟು ದಂಡ ಅಂತ ಒಂದಿನ ಎಲ್ಲರ ಮುಂದೆ ಬೈದಿದ್ರು ಮಗ. ಬಗ್ಗೋಕಾಗಲ್ಲ ನಂಗೆ, ಅದಕ್ಕೆ ಏಳುವಾಗ ಆರಿಸೋದೂ ಕೂರುವಾಗ ಹಾಕೋದೂ ಕಾಲಲ್ಲೇ… ಹತ್ತೊಂಬತ್ತು ವರ್ಷ ಆಯ್ತು, ಗೊತ್ತೇ ಆಗ್ತಿರಲಿಲ್ಲ." ಅವರ ಮುಖ ಸಣ್ಣದಾಯಿತು. "ಕೂತಾಗ್ಲೆಲ್ಲ ಅದು ಏನೋ ತಪ್ಪಾಗಿದೆ ಅಂತ ಇಷ್ಟುದ್ದ ಬರೆದು ತೋರಿಸ್ತಿತ್ತು. ನಾನು ಎಂಟರ್ ಒತ್ತಿ ಸುಮ್ಮನಿರಿಸ್ತಿದ್ದೆ. ನನ್ನ ಮೇಲೆ ಇದುವರೆಗೆ ಒಂದು ದೂರಿಲ್ಲ ಗೊತ್ತಾ? ಆ ದೂರಿನವನ ಕಿವಿಗೆ ಬಿದ್ರೆ ನನ್ನ ಬೀಳ್ಕೊಡುಗೆ ಭಾಷಣದಲ್ಲೂ ಕಾಲಿನ ಕಥೇನೇ ಹೇಳ್ತಾನೆ."

ಇಂಜಿನಿಯರ್ ಮತ್ತೆ ಬಗ್ಗಿ, ಕಂಪ್ಯೂಟರಿನ ಪ್ಲಗ್ಗನ್ನು ಕಿತ್ತು, ಕಿಟಕಿಯ ಪಕ್ಕದ ಎತ್ತರದ ಬೋರ್ಡಿಗೆ ಸಿಕ್ಕಿಸಿದ. ಪ್ರಿಂಟರ್ ಓಡಿತು. ಚಿಕ್ಕಮ್ಮ ಎದ್ದು ಕಿಟಕಿಯವರೆಗೆ ನಡೆದರು. ಪ್ರಿಂಟರ್ ಓಡುತ್ತಲೇ ಇತ್ತು. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ನೂರಿಪ್ಪತ್ತನೆಯ ಹಾಳೆ ಬಿಸಿಬಿಸಿಯಾಗಿ ಹೊರಬಿತ್ತು. ಅವನು ಗೆದ್ದಿದ್ದ. ನಾಳೆ ಎರಡು ಸಲ ಬಡಿಸಿಕೊಂಡು ಉಣ್ಣಬಹುದಿತ್ತು.

"ಏನ್ ಭಾವ! ಡೋಲಿಗೆ ಪ್ರಿಂಟಿಂಗ್ ಕಲಿಸ್ತಿದ್ರಂತೆ?"

ಬಾಗಿಲಲ್ಲಿ ಷಡ್ಡಕ! ಹೆಗಲಲ್ಲಿ ಕಪ್ಪು ಚೀಲ, ಮುಖದ ತುಂಬ ಹಲ್ಲು. ಅವನ ಹಿಂದೆ ಮೇಡಂ, ಮೇಡಂ ಹಿಂದೆ ದೂರು ವಿಭಾಗದವನು.

"ಡೋಲಿನ ವಿಷಯ ಕೇಳಿ ನನಗೆ ಧೈರ್ಯ ಸಾಲಲಿಲ್ಲ," ಎಂದರು ಮೇಡಂ. "ಫೋನ್ ಹಾಕಿಬಿಟ್ಟೆ."

ಷಡ್ಡಕ ಚೀಲವನ್ನು ಚಿಕ್ಕಮ್ಮನ ಮೇಜಿನ ಪಕ್ಕ ಇಳಿಸಿದ. ಪ್ರಿಂಟರನ್ನು ಸುತ್ತುಹಾಕಿ ನೋಡಿದ. "ಓಡ್ತಿದೆಯಲ್ಲ! ಏನಾಗಿತ್ತು ಹಾಗಾದ್ರೆ?"

ದೂರು ವಿಭಾಗದವನು ಕಿವಿ ನಿಮಿರಿಸಿದ. ಚಿಕ್ಕಮ್ಮ ಹೂವಿನ ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡುತ್ತಿದ್ದರು. ಒಂದೇ ಒಂದು ಮಾತು ಸಾಕಿತ್ತು. ಆ ಮಾತು ಇಂಜಿನಿಯರನ ನಾಲಿಗೆಯ ತುದಿಗೆ ಬಂದು, ಅಲ್ಲೇ ಸ್ವಲ್ಪ ಹೊತ್ತು ಕೂತಿತ್ತು.

"ಮೇಜಿನ ಕೆಳಗೆ ಸ್ವಿಚ್ ಆಫ್ ಆಗ್ತಿತ್ತು," ಎಂದ ಅವನು.

"ಆಫ್ ಆಗ್ತಿತ್ತಾ? ತಾನಾಗೇ? ಯಾರು ಮಾಡ್ತಿದ್ರು?"

"ನಾನೇ. ಓಡಾಡುವಾಗ ಕಾಲು ತಾಗ್ತಿತ್ತು. ಗೊತ್ತಾಗಿರಲಿಲ್ಲ."

ಷಡ್ಡಕ ಗೋಡೆಗೆ ಆತುಕೊಂಡ. ನಗು ಎಷ್ಟು ಬಂತೆಂದರೆ ಸದ್ದೇ ಹೊರಡಲಿಲ್ಲ, ಹೆಗಲು ಮಾತ್ರ ಕುಣಿಯಿತು.

"ಸ್ವಿಚ್ಚು! ಭಾವ, ಸ್ವಿಚ್ಚು! ಅವತ್ತು ಸೆಲ್ಲು, ಇವತ್ತು ಸ್ವಿಚ್ಚು! ಇದನ್ನ ನಾಳೆವರೆಗೆ ಹೇಗೆ ಹೊಟ್ಟೇಲಿ ಇಟ್ಕೊಳ್ಳಲಿ? ಈಗ್ಲೇ ಅತ್ತೆ ಮನೆ ಕಡೆಯಿಂದ್ಲೇ ಹೋಗ್ತೀನಿ!"

"ಹೋಗಪ್ಪ, ಹೋಗು," ಎಂದ ಇಂಜಿನಿಯರ್. "ಡೋಲಿನ ವಿಷಯ ಮರೀಬೇಡ."

ಷಡ್ಡಕ ಕಣ್ಣೊರೆಸಿಕೊಳ್ಳುತ್ತ, ಬಾಗಿಲಿಗೊಮ್ಮೆ ಡಿಕ್ಕಿ ಹೊಡೆದು, ಹೊರಡುತ್ತಿದ್ದ ಬಸ್ಸನ್ನು ಓಡಿಹೋಗಿ ಹತ್ತಿದ. ಮೇಡಂ ವೇಳಾಪಟ್ಟಿಯ ಕಟ್ಟು ಹಿಡಿದು ವ್ಯಾನಿನ ಕಡೆ ನಡೆದರು. ದೂರು ವಿಭಾಗದವನಿಗೆ ಇನ್ನೇನೂ ದಕ್ಕುವಂತಿರಲಿಲ್ಲ. ಅವನೂ ಹೋದ.

ಮೇಜಿನ ಪಕ್ಕ ಕಪ್ಪು ಚೀಲ ಹಾಗೇ ಕೂತಿತ್ತು.

ಇಂಜಿನಿಯರ್ ಅದನ್ನು ಎತ್ತಿಕೊಂಡು ಬಾಗಿಲಿಗೆ ಓಡಲು ಬಗ್ಗಿದ. ಚಿಕ್ಕಮ್ಮ ಅವನ ಕೈಯನ್ನು ಮೆತ್ತಗೆ ಸರಿಸಿದರು. ರಿಜಿಸ್ಟರ್ ತೆರೆದು, ಕನ್ನಡಕ ಏರಿಸಿಕೊಂಡು, ದಿನಾಂಕ ಬರೆದರು. "ಚೀಲ, ಕಪ್ಪು, ಒಂದು. ವಾರಸುದಾರರು ಗೊತ್ತಿಲ್ಲ" ಎಂದು ದುಂಡಗೆ ಬರೆದು ಕೆಳಗೆ ಗೆರೆ ಎಳೆದರು. ಚೀಲದ ಹಿಡಿಗೆ ಸಂಖ್ಯೆಯ ಚೀಟಿ ಕಟ್ಟಿ, ಡೋಲಿನ ಪಕ್ಕದಲ್ಲಿಟ್ಟು, ಕಪಾಟಿಗೆ ಬೀಗ ಹಾಕಿ, ಕೌಂಟರಿನ ಮೇಲೆ "ಸೋಮವಾರ ಬನ್ನಿ" ಎಂಬ ಹಲಗೆಯನ್ನು ನಿಲ್ಲಿಸಿದರು.