ಭುಜದ ಮಶೀನು ನೀರು ಕುಡಿದದ್ದು

ಬೆಳಗಿನಿಂದ ಸಂಜೆಯವರೆಗೆ ತಲೆ ಬಗ್ಗಿಸಿ ಹೊಲಿಯುವವರಿಗೆ ಕುತ್ತಿಗೆನೋವು ತಪ್ಪಿದ್ದಲ್ಲ. ಈ ಕಥೆ ನಡೆದ ಹೊಲಿಗೆ ಘಟಕದಲ್ಲಿ ಹದಿನಾಲ್ಕು ಹೆಂಗಸರು, ಹದಿನಾಲ್ಕು ಮಶೀನು, ಹದಿನಾಲ್ಕು ಕುತ್ತಿಗೆನೋವು. ಎಲ್ಲರೂ ಸೇರಿ ಒಂದು ಮಸಾಜ್ ಮಶೀನು ಕೊಂಡಿದ್ದರು. ಕರೆಂಟಿಗೆ ಹಾಕಿದರೆ ಗುರ್ ಎಂದು ನಡುಗುವುದು, ತಲೆಯ ತುಂಬ ಗಟ್ಟಿ ಪ್ಲಾಸ್ಟಿಕ್ಕಿನ ಉಬ್ಬುಗಳು, ಎತ್ತಿದರೆ ಕೈ ಸೋಲುವಷ್ಟು ಭಾರ. ವಾರಕ್ಕೊಬ್ಬರು ಮನೆಗೆ ಒಯ್ಯಬೇಕು, ಸೋಮವಾರ ಬೆಳಿಗ್ಗೆ ತಂದು ಮುಂದಿನವರ ಕೈಗೆ ಕೊಡಬೇಕು. ಸರದಿಯ ಚೀಟಿಯನ್ನು ಇಸ್ತ್ರಿ ಮೇಜಿನ ಹಿಂದಿನ ಗೋಡೆಗೆ ಅಂಟಿಸಿದ್ದರು.

ಆ ಸೋಮವಾರ ತರಬೇಕಾದವಳು ಕಾಲರ್ ಅಕ್ಕ. ಅಂಗಿಗೆ ಕಾಲರ್ ಕೂರಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ, ಅದಕ್ಕೇ ಆ ಹೆಸರು. ವಯಸ್ಸು ನಲವತ್ತೊಂಬತ್ತು. ಪಡೆಯಬೇಕಾದವರು ಗುಂಡಿ ದೊಡ್ಡಮ್ಮ. ಗುಂಡಿ ಹೊಲಿದೂ ಹೊಲಿದೂ ಅವರ ಬಲಭುಜ ಹಿಡಿದುಕೊಂಡಿತ್ತು. ತಲೆ ಬಾಚಲು ಕೂಡ ಕೈ ಎತ್ತಲಾಗುತ್ತಿರಲಿಲ್ಲ. ಈ ಸೋಮವಾರಕ್ಕಾಗಿ ದಿನ ಎಣಿಸಿದ್ದರು.

"ತಂದ್ಯೇನೇ?" ಎಂದರು.

"ತಂದಿದೀನಿ ದೊಡ್ಡಮ್ಮ. ಆದ್ರೆ ಕೆಟ್ಟು ಹೋಗಿದೆ. ತಾನಾಗೇ ನಿಂತ್ಹೋಯ್ತು."

ಕಾಲರ್ ಅಕ್ಕ ಇದನ್ನು ದಾರದ ಉಂಡೆಯ ಕಡೆ ನೋಡುತ್ತ ಹೇಳಿದಳು. ದೊಡ್ಡಮ್ಮನ ಮುಖ ಬಾಡಿತು. ಆದರೂ ಬೈಯಲಿಲ್ಲ.

"ಹೋಗ್ಲಿ ಬಿಡು. ನಿನ್ನ ಗಂಡನೇ ರಿಪೇರಿ ಅಂಗಡಿ ಇಟ್ಟಿದಾನಲ್ಲ. ಬೆಣ್ಣೆ ಕೈಲಿಟ್ಕೊಂಡು ತುಪ್ಪಕ್ಕೆ ಯಾಕೆ ಅಲೀಬೇಕು? ಕೊಡಿಲ್ಲಿ, ಬಟ್ಟೆ ಗಂಟು ಕೊಡೋಕೆ ಆ ಕಡೆ ಹೋಗ್ತಿದೀನಿ. ನಾನೇ ಅವನ ಮೇಜಿನ ಮೇಲಿಟ್ಟು ಬರ್ತೀನಿ."

ಕಾಲರ್ ಅಕ್ಕ ಮಶೀನಿನ ಚೀಲವನ್ನು ತನ್ನ ಕಡೆ ಎಳೆದುಕೊಂಡಳು. ಬೇಡ ಎನ್ನಲು ಕಾರಣ ಬೇಕಲ್ಲ. ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮ ಚೀಲವನ್ನು ಎಡಗೈಗೆ ಸಿಕ್ಕಿಸಿಕೊಂಡು ಹೊರಟೇ ಬಿಟ್ಟಿದ್ದರು.

ಆ ಮಶೀನು ತಾನಾಗಿ ನಿಂತಿರಲಿಲ್ಲ. ನಡೆದದ್ದನ್ನು ಹೇಳಿಬಿಡೋಣ. ಓದುತ್ತಿರುವವರು ಅತ್ತಿತ್ತ ನೋಡಬೇಡಿ, ಇದು ಯಾರ ಮನೆಯಲ್ಲೂ ನಡೆಯಬಹುದಾದದ್ದೇ.

ಮುಟ್ಟು ನಿಂತ ಮೇಲೆ ಕಾಲರ್ ಅಕ್ಕನಿಗೆ ಗಂಡನ ಜೊತೆ ಸೇರುವುದೆಂದರೆ ನೋವು, ಉರಿ. ಹೇಳಲು ನಾಚಿಕೆ. ಹೇಳುವ ಬದಲು ತಲೆನೋವು ಎಂದಳು, ಸುಸ್ತು ಎಂದಳು, ಒಂದು ದಿನ ಗೋಡೆಗೆ ಮುಖ ಮಾಡಿ ಮಲಗಿದಳು. ಗಂಡ ಎರಡು ಸಲ ಕೇಳಿದ, ಮೂರನೆಯ ಸಲ ದಿಂಬು ಎತ್ತಿಕೊಂಡು ಹೊರಗಿನ ಕೋಣೆಗೆ ಹೋದ. ಎರಡು ವರ್ಷವಾಯಿತು, ದಿಂಬು ಒಳಗೆ ಬಂದಿಲ್ಲ. ಆದರೆ ಬಯಕೆ ಎನ್ನುವುದು ಮುಟ್ಟಿನ ಜೊತೆಗೇ ಗಂಟುಮೂಟೆ ಕಟ್ಟಿಕೊಂಡು ಹೋಗುತ್ತದೆಯೇ? ಕಳೆದ ಶನಿವಾರ ಮಧ್ಯಾಹ್ನ, ಕೋಣೆಯ ಬಾಗಿಲಿಗೆ ಚಿಲಕ ಹಾಕಿ, ಭುಜಕ್ಕೆಂದು ತಂದ ಮಶೀನನ್ನು ಅವಳು ಭುಜಕ್ಕಲ್ಲದೆ ಬಳಸಿದಳು.

ಒಂದು ನಿಮಿಷದ ಸುಖ. ಆಮೇಲೆ ಆ ಜಾಗವೆಲ್ಲ ಜೋಮು ಹಿಡಿದು, ಸಂಜೆಗೆ ಕೆಂಡದ ಉರಿ. ಉರಿಗಿಂತ ದೊಡ್ಡದು ಭಯ. ಹದಿನಾಲ್ಕು ಜನರ ಮಶೀನು. ಸೋಮವಾರ ದೊಡ್ಡಮ್ಮ ಇದನ್ನು ಮೈಗೆ ಇಟ್ಟುಕೊಳ್ಳುತ್ತಾರೆ. ಅವಳು ಅದನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ, ಪಾತ್ರೆ ತಿಕ್ಕುವಂತೆ ಮೂರು ಸಲ ತಿಕ್ಕಿದಳು. ಮಶೀನು ನೀರು ಕುಡಿದು ಸತ್ತಿತು. ಈಗ ಅದು ಗಂಡನ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಸಿಕೊಳ್ಳಲಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಿಗೂ ಇಷ್ಟು ಭಯವಾಗಿರಲಿಕ್ಕಿಲ್ಲ.

ಕೂರಲೂ ಆಗದೆ, ನಿಲ್ಲಲೂ ಆಗದೆ, ಹನ್ನೊಂದು ಗಂಟೆಗೆ ಅರ್ಧ ದಿನದ ರಜೆ ಕೇಳಿ ಅವಳು ಆಸ್ಪತ್ರೆಗೆ ಹೋದಳು. ಅಲ್ಲಿ ಹೆಂಗಸರನ್ನು ನೋಡುವ ನರ್ಸಮ್ಮ ಇದ್ದರು. ಪರದೆಯ ಹಿಂದೆ ಪರೀಕ್ಷೆ ಮಾಡಿ, ಕೈ ತೊಳೆದು ಬಂದು ಕೂತರು.

"ಚರ್ಮ ಕೆಂಪಾಗಿದೆ, ಸ್ವಲ್ಪ ತರಚಿದೆ. ಎರಡು ಮೂರು ದಿನದಲ್ಲಿ ಸರಿಹೋಗುತ್ತೆ. ಹೇಗಾಯ್ತು?"

"ಸೈಕಲ್ಲಿಂದ ಬಿದ್ದೆ."

"ಸೈಕಲ್ ಬರುತ್ತಾ ನಿಮಗೆ?"

ಬರುವುದಿಲ್ಲ. ಕಾಲರ್ ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕೊನೆಗೆ ಗೋಡೆಯ ಗಡಿಯಾರಕ್ಕೆ ಹೇಳುವಂತೆ ಎಲ್ಲವನ್ನೂ ಹೇಳಿದಳು. ಹೇಳಿ, "ಈ ವಯಸ್ಸಿನಲ್ಲಿ ನನಗಿದು ಬೇಕಿತ್ತಾ, ಥೂ" ಎಂದಳು.

ನರ್ಸಮ್ಮ ನಗಲಿಲ್ಲ, ಮುಖ ಸಿಂಡರಿಸಲೂ ಇಲ್ಲ. "ಹಸಿವಿಗೆ ಥೂ ಅಂತೀರಾ? ಇದೂ ಮೈಯ ಬಯಕೆನೇ. ತಪ್ಪು ಬಯಕೇದಲ್ಲ, ಮಶೀನಿಂದು. ನೀವು ಟೈಲರು, ನೀವೇ ಹೇಳಿ, ಜೀನ್ಸ್ ಹೊಲಿಯೋ ಸೂಜೀನ ತೆಳು ಬಟ್ಟೆಗೆ ಹಾಕಿದ್ರೆ ಏನಾಗುತ್ತೆ?"

"ತೂತು ಬೀಳುತ್ತೆ."

"ಅಷ್ಟೇ ಆಗಿರೋದು. ಮುಟ್ಟು ನಿಂತ ಮೇಲೆ ಅಲ್ಲಿಯ ಚರ್ಮ ತೆಳ್ಳಗಾಗುತ್ತೆ, ಒಣಗುತ್ತೆ. ನಿಮಗೆ ಗಂಡನ ಜೊತೆ ನೋವಾಗ್ತಿದ್ದದ್ದೂ ಅದಕ್ಕೇ ಇರಬಹುದು. ಅದಕ್ಕೆ ಔಷಧಿ ಇದೆ, ಡಾಕ್ಟರಮ್ಮನ ಹತ್ರ ಕಳಿಸ್ತೀನಿ. ಇನ್ನು ಸುಖಕ್ಕೆ ಅಂತಲೇ ಮಾಡಿರೋ ಸಾಧನಗಳಿವೆ. ವೈಬ್ರೇಟರ್ ಅಂತಾರೆ."

"ಅದೆಲ್ಲ ಕೆಟ್ಟ ಹೆಂಗಸರು ಇಟ್ಕೊಳ್ಳೋದಲ್ವಾ?"

"ಹಾಗಂತ ಯಾರು ಹೇಳಿದ್ರು?"

ಯಾರು ಹೇಳಿದರೆಂದು ಕಾಲರ್ ಅಕ್ಕ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ನರ್ಸಮ್ಮ ಒಂದು ಹಾಳೆ ಎಳೆದುಕೊಂಡು ಪೆನ್ನಿನಲ್ಲಿ ಚಿತ್ರ ಬರೆಯತೊಡಗಿದರು. "ಮೊದಲು ನಮ್ಮ ಮೈ ತಿಳ್ಕೋಬೇಕು. ಯೋನಿಯ ಮೇಲುಗಡೆ ಕಾಳಿನಷ್ಟು ಕಾಣೋ ಭಾಗ ಇದೆ, ಚಂದ್ರನಾಡಿ. ತುಂಬಾ ಹೆಂಗಸರಿಗೆ ಸುಖದ ತುದಿ ಮುಟ್ಟೋದು ಅದರಿಂದಲೇ, ಒಳಗಿನಿಂದಲ್ಲ. ಆದ್ರಿಂದ ಒಳಗೆ ಹಾಕೋ ಉದ್ದದ್ದೇ ಬೇಕು ಅಂತೇನಿಲ್ಲ. ನೋಡಿ, ಇದು ಬೆರಳುದ್ದದ್ದು. ಹಗುರ, ಸದ್ದು ಕಡಿಮೆ, ಒಂದೇ ಕಡೆ ತಾಗುತ್ತೆ. ಕೆಲವರಿಗೆ ಅದೇ ಇಷ್ಟ, ಕೆಲವರಿಗೆ ಚುಚ್ಚಿದ ಹಾಗಾಗುತ್ತೆ. ಇದು ಅಂಗೈ ಆಕಾರದ್ದು. ಹೊರಗೆ ಮೇಲೆ ಇಟ್ಕೊಳ್ಳೋದು, ಅಗಲವಾಗಿ ಮೆತ್ತಗೆ ತಾಗುತ್ತೆ. ನಿಮ್ಮ ಹಾಗೆ ಚರ್ಮ ಸೂಕ್ಷ್ಮ ಇರೋರು ಇದರಿಂದ ಶುರು ಮಾಡೋದು ಒಳ್ಳೇದು."

"ಈ ದೊಡ್ಡ ತಲೇದು?"

"ಇದು ನಿಮ್ಮ ಘಟಕದ ಮಶೀನಿನ ನೆಂಟ. ಎಲ್ಲಕ್ಕಿಂತ ಜೋರು. ತಲೆ ಮೆತ್ತಗಿರೋದು, ವೇಗ ತಗ್ಗಿಸಬಹುದಾದ್ದು ಸಿಗುತ್ತೆ. ಬಟ್ಟೆ ಮೇಲಿಂದಲೇ, ತೀರಾ ಕಡಿಮೆ ವೇಗದಲ್ಲಿ ಬಳಸಿದ್ರೆ ಪರವಾಗಿಲ್ಲ. ಆದ್ರೆ ಕೈ ನೋಯುತ್ತೆ. ಒಳಗೆ ಹಾಕೋದು ಬೇಕು ಅನ್ನೋರು ಸಣ್ಣ ಗಾತ್ರದ್ದು ತಗೋಬೇಕು. ನೋವು ಇರೋವಾಗ ಅದರ ತಂಟೆ ಬೇಡ. ಒಳಗೂ ಹೊರಗೂ ತಾಗೋ ಎರಡು ಕವಲಿಂದು ಇದೆ, ಎಲ್ಲರ ಮೈಗೂ ಹೊಂದಲ್ಲ. ರೆಡಿಮೇಡ್ ಅಂಗಿ ಥರ, ಒಬ್ಬರಿಗೆ ಸರಿ, ಇನ್ನೊಬ್ಬರಿಗೆ ಬಿಗಿ. ಗಾಳಿಯಿಂದ ಮೆಲ್ಲಗೆ ಎಳೆಯೋದೂ ಬಂದಿದೆ. ಉಜ್ಜಲ್ಲ, ಆದ್ರೆ ಕೆಲವರಿಗೆ ಅದರ ಸುಖ ತಡಕೊಳ್ಳೋಕಾಗದಷ್ಟು ಜೋರು."

ಕಾಲರ್ ಅಕ್ಕನ ಕಿವಿಗಳು ನಾಚಿಕೆಗೆ ಬಿಸಿಯಾಗಿದ್ದವು. ಆದರೂ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಳು. ನರ್ಸಮ್ಮ ಹಾಳೆಯ ಕೆಳಗೆ ಬರೆದುಕೊಟ್ಟರು: ನುಣುಪಾದ, ವಾಸನೆ ಇಲ್ಲದ ಸಿಲಿಕೋನಿನದ್ದು ಕೊಳ್ಳಿ. ಅಗ್ಗದ ಮೆದು ರಬ್ಬರಿನಂಥದ್ದರ ಸಣ್ಣ ರಂಧ್ರಗಳಲ್ಲಿ ಕೊಳೆ ಕೂರುತ್ತದೆ. ನೀರಿನಂಶದ ಜಾರುಜೆಲ್ ಹಚ್ಚಿಕೊಳ್ಳಿ. ಕಡಿಮೆ ವೇಗದಿಂದ ಶುರು ಮಾಡಿ. ಜೋಮು ಬಂದರೆ, ನೋವಾದರೆ ನಿಲ್ಲಿಸಿ. ಗಂಡ ಹೆಂಡತಿ ಸೇರಿ ಬಳಸಬಹುದು, ಬೇರೆ ಯಾರ ಜೊತೆಗೂ ಹಂಚಿಕೊಳ್ಳಬೇಡಿ, ಸೋಂಕು ದಾಟುತ್ತದೆ. ಬುಡ ಅಗಲವಿಲ್ಲದ್ದನ್ನು ಗುದದೊಳಗೆ ಎಂದೂ ಹಾಕಬೇಡಿ. ಬಳಸುವ ಮೊದಲೂ ನಂತರವೂ ತೊಳೆದು ಒಣಗಿಸಿ.

"ಮತ್ತೆ ಇದನ್ನೂ ಸೇರಿಸ್ತೀನಿ" ಎಂದು ಪೆನ್ನು ಎತ್ತಿದರು. "ತೊಳೆಯೋ ಮೊದಲು, ನೀರಿಗೆ ಹಿಡಿಯಬಹುದಾ ಅಂತ ಡಬ್ಬಿ ಮೇಲೆ ಓದಿ."

ಕಾಲರ್ ಅಕ್ಕನಿಗೆ ಎರಡು ದಿನದಲ್ಲಿ ಮೊದಲ ಸಲ ನಗು ಬಂತು. ಹಾಳೆಯನ್ನು ಎಂಟು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡಳು. ಬೀದಿಗೆ ಬರುತ್ತಲೇ ನಗು ಆರಿತು. ಮಶೀನು ಗಂಡನ ಮೇಜಿನ ಮೇಲಿದೆ.

ಅಂಗಡಿಯಲ್ಲಿ ಅದು ಎರಡು ಹೋಳಾಗಿ ಬಿದ್ದಿತ್ತು. ಗಂಡ ಕನ್ನಡಕ ಏರಿಸಿಕೊಂಡು ಮೋಟರನ್ನು ಬೆಳಕಿಗೆ ಹಿಡಿದಿದ್ದ.

"ಯಾರೋ ಪುಣ್ಯಾತ್ಮರು ಇದನ್ನ ಸೋಪು ಹಾಕಿ ತೊಳೆದಿದಾರೆ. ತಂತೀಲಿ ನೊರೆ ಒಣಗಿದೆ ನೋಡು. ಭುಜಕ್ಕಿಡೋದನ್ನ ಇಷ್ಟು ತೊಳೀತಾರಾ?" ಎಂದ. ಆಮೇಲೆ ತಾನೇ ಯೋಚಿಸಿ, "ಶನಿವಾರ ನಮ್ಮನೇಲಿ ಓಡ್ತಿತ್ತಲ್ಲ. ನಾನು ಊಟಕ್ಕೆ ಬಂದಾಗ ಸದ್ದು ಕೇಳಿಸ್ತು. ನಿನಗೆ ಕುತ್ತಿಗೆ ಜೋರು ನೋವಿರಬೇಕು ಅಂತ ಬಾಗಿಲು ತಟ್ಟಲಿಲ್ಲ" ಎಂದ.

ಗಂಡ ಮೋಟರನ್ನು ಕೆಳಗಿಟ್ಟ.

"ಆಮೇಲೆ ಯಾರ ಕೈಗೆ ಹೋಯ್ತು? ಅವರಿಗೆ ಹೇಳಬೇಕು. ಒದ್ದೆ ಮಶೀನು ಇದು. ದೊಡ್ಡಮ್ಮ ಏನಾದ್ರೂ ಮನೆಗೊಯ್ದು ಕರೆಂಟಿಗೆ ಹಾಕಿದ್ರೆ, ಆ ಜೀವ ಅಲ್ಲೇ ಹೋಗ್ತಿತ್ತು."

ಇಷ್ಟು ಹೊತ್ತು ಅವಳಿಗೆ ಚಿಂತೆಯಿದ್ದದ್ದು ಮಾನದ್ದು. ಮಾನ ಮುಚ್ಚಿಕೊಳ್ಳಲು ಹೇಳಿದ ಸುಳ್ಳು, ಕೈ ಎತ್ತಲಾಗದ ಒಂದು ಮುದುಕಿಯ ಪ್ರಾಣ ತೆಗೆಯುತ್ತಿತ್ತು ಎಂದು ಈಗ ತಿಳಿಯಿತು. ಬೇರೆ ನಾಚಿಕೆಗಳೆಲ್ಲ ಅದರ ಮುಂದೆ ಸಣ್ಣವಾದವು. ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ತಲೆ ತಗ್ಗಿಸಿಕೊಂಡು, "ನಾನೇ ರೀ ತೊಳೆದದ್ದು" ಎಂದಳು. ಯಾಕೆ ತೊಳೆದೆ ಎನ್ನುವುದನ್ನೂ ಹೇಳಿದಳು. ಎರಡು ವರ್ಷದ ನೋವನ್ನೂ ಹೇಳಿದಳು.

ಗಂಡ ಸ್ಕ್ರೂಗಳನ್ನು ಮುಚ್ಚಳದಲ್ಲಿ ಅತ್ತಿಂದಿತ್ತ ತಿರುಗಿಸಿದ.

"ನನ್ನ ಕಂಡ್ರೆ ನಿನಗೆ ಅಸಹ್ಯ ಅಂದ್ಕೊಂಡಿದ್ದೆ. ಗ್ರೀಸ್ ವಾಸನೆಗೆ ಅಂತ ದಿನಾ ಎರಡು ಸಲ ಸ್ನಾನ ಮಾಡ್ತಿದ್ದೆ."

ಅವಳು ಅತ್ತಳು. ಎರಡು ವರ್ಷ ಆ ಬಚ್ಚಲ ನೀರಿನ ಸದ್ದು ಕೇಳಿದ್ದಳು, ಯಾಕೆಂದು ಒಂದು ದಿನವೂ ಕೇಳಿರಲಿಲ್ಲ. ನರ್ಸಮ್ಮನ ಹಾಳೆಯನ್ನು ತೆಗೆದು ಅವನ ಮುಂದಿಟ್ಟಳು. ಅವನು ಓದಿ ಮುಖ ಕೆಂಪಗೆ ಮಾಡಿಕೊಂಡ.

"ಇದಿದ್ರೆ ಆಮೇಲೆ ನಾನ್ಯಾಕೆ?"

"ಕನ್ನಡಕ ಬಂತು ಅಂತ ಕಣ್ಣು ಬೇಡ ಅಂದ್ರಾ ನೀವು? ಇಬ್ಬರೂ ಸೇರಿ ಬಳಸಬಹುದಂತೆ. ಔಷಧಿನೂ ಇದೆಯಂತೆ. ಡಾಕ್ಟರಮ್ಮನ ಹತ್ರ ಜೊತೇಲಿ ಬರ್ತೀರಾ?"

ಅವನು ಬರುತ್ತೇನೆ ಎನ್ನಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು, "ಈ ಅಂಗೈ ಆಕಾರದ್ದು ಚಾರ್ಜಿಂದಾ? ಚಾರ್ಜ್ ಮಾಡ್ತಾ ಬಳಸಬಾರದು ಅಂತ ಇಲ್ಲಿ ಬರೆದೇ ಇಲ್ಲ" ಎಂದು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ತಾನೇ ಬರೆದ. ಅದು ಅವನ ಒಪ್ಪಿಗೆ. ಆ ವಾರದಲ್ಲೇ ಇಬ್ಬರೂ ಹೋಗಿ ಬಂದರು. ಉರಿ ಇಳಿದು, ಔಷಧಿ ಹಿಡಿದ ಮೇಲೆ ಅಂಗೈ ಆಕಾರದ್ದನ್ನು ತರಿಸಿದರು. ಮೊದಲ ಸಲ ಇಬ್ಬರೂ ನಾಚಿಕೆಯಲ್ಲಿ ಸತ್ತು, ದೀಪ ಆರಿಸಿ, ಅದರ ಗುಂಡಿ ಎಲ್ಲಿದೆಯೆಂದು ತಿಳಿಯದೆ ಮತ್ತೆ ದೀಪ ಹಾಕಿದರು. ದಿಂಬು ಒಳಗೆ ಬಂತು.

ಘಟಕಕ್ಕೆ ಗಂಡಹೆಂಡತಿ ಹೊಸ ಮಸಾಜ್ ಮಶೀನು ತಂದುಕೊಟ್ಟರು. ಕಾಲರ್ ಅಕ್ಕ ಸರದಿಯ ಚೀಟಿಯ ಕೆಳಗೆ ಬರೆದಳು: "ಭುಜ, ಬೆನ್ನು, ಕುತ್ತಿಗೆಗೆ ಮಾತ್ರ. ನೀರಿಗೆ ಹಿಡಿಯಬೇಡಿ." ಊಟದ ಹೊತ್ತಿನಲ್ಲಿ ದೊಡ್ಡಮ್ಮನನ್ನು ಒಬ್ಬರನ್ನೇ ಕೂರಿಸಿಕೊಂಡು ಮಶೀನನ್ನು ಅವರ ತೊಡೆಯ ಮೇಲಿಟ್ಟಳು.

"ಹಳೇದು ತಾನಾಗಿ ಕೆಟ್ಟಿರಲಿಲ್ಲ ದೊಡ್ಡಮ್ಮ. ನಾನೇ ತೊಳೆದು ಕೆಡಿಸಿದ್ದು. ಸುಳ್ಳು ಹೇಳಿದೆ."

ದೊಡ್ಡಮ್ಮ ಗೋಡೆಯ ಬರಹವನ್ನು ಓದಿದರು. ಮತ್ತೊಮ್ಮೆ ಓದಿದರು. ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿದ್ದ ಆ ಹೆಂಗಸು ಕತ್ತು ಬಗ್ಗಿಸಿ, ಪಕ್ಕದವರಿಗೂ ಕೇಳಿಸದ ದನಿಯಲ್ಲಿ ಹೇಳಿದರು:

"ನೀನು ತೊಳೆದೆಯಲ್ಲೇ. ಹೋದ ಸುತ್ತಿನಲ್ಲಿ ನಾನು ತೊಳೆಯಲೂ ಇಲ್ಲ."

ಕಾಲರ್ ಅಕ್ಕ ಎಂಟು ಮಡಿಕೆಯ ಹಾಳೆಯನ್ನು ತೆಗೆದು ಅವರ ಕೈಯಲ್ಲಿಟ್ಟು, ಬೆರಳುಗಳನ್ನು ಮುಚ್ಚಿದಳು.

ಓದುತ್ತಿರುವ ಅಕ್ಕ, ತಂಗಿ, ದೊಡ್ಡಮ್ಮಂದಿರೇ, ನಾಚಿಕೆ ಆಗಲಿ, ಪರವಾಗಿಲ್ಲ, ಅವಳಿಗೂ ಆಯಿತು. ನಾಚಿಕೊಂಡೇ ಕೇಳಿ, ಆದರೆ ಕೇಳಿ. ಸೇರುವಾಗ ನೋವಿದ್ದರೆ ಸಹಿಸಿಕೊಂಡು ಕೂರಬೇಡಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಅಂದೇ ಡಾಕ್ಟರಿಗೆ ತೋರಿಸಿ. ಸುಖ ಬೇಕೆನಿಸಿದರೆ ಕೈಗೆ ಸಿಕ್ಕಿದ್ದನ್ನು ಬಳಸಬೇಡಿ, ನಿಮ್ಮ ಮೈಗೆ ಹೊಂದುವುದನ್ನು ತಿಳಿದು ಆರಿಸಿ. ಗಂಡಂದಿರೇ, ದಿಂಬು ಎತ್ತುವ ಮೊದಲು ಇನ್ನೊಂದು ಸಲ ಕೇಳಿ. ಈ ಕಥೆಯ ಹಾಳೆಯನ್ನು ಓದಿ ಮುಗಿಸಿದ ಮೇಲೆ ಮಡಚಿ, ಪಕ್ಕದವರ ಕೈಗಿಡಿ. ಬೇಡವೆಂದು ಅವರು ತಲೆಯಾಡಿಸಿದರೂ ಅವರ ಚೀಲದಲ್ಲಿ ಹಾಕಿ ಬನ್ನಿ.