ಮಹಾರುದ್ರಪ್ಪ ತನ್ನೊಂದಿಗೇ ಮಾಡಿದ ಚೌಕಾಶಿ

೧.

ಎಲ್ಲಿಂದ ಶುರು ಮಾಡಲಿ? ಬಾಯಿಂದಲೇ ಮಾಡೋಣ. ಬಸವಕಲ್ಯಾಣದ ಬಜಾರಿನಲ್ಲಿ ಸೀರೆ ಅಂಗಡಿ ಇಟ್ಟಿರುವ ಮಹಾರುದ್ರಪ್ಪನ ಬಾಯಿ ಗುಟ್ಕಾ ಜಗಿದೂ ಜಗಿದೂ ಪೂರ್ತಿ ತೆರೆಯಲಾರದಂತಾಗಿದೆ. ಇಸವಿ ೧೯೯೮. ಈಗಲೇ ಬಿಡದಿದ್ದರೆ ಬಾಯಿ ಕಟ್ಟಿಕೊಳ್ಳುತ್ತದೆ, ಆಮೇಲೆ ಕ್ಯಾನ್ಸರೂ ಆದೀತು ಎಂದು ಹುಮನಾಬಾದಿನ ಡಾಕ್ಟರು ಹೇಳಿ ಕಳಿಸಿದ್ದಾರೆ. (ಇಷ್ಟು ಕೇಳಿಯೂ ನಮ್ಮ ನಾಯಕ ಬಸ್‌ಸ್ಟ್ಯಾಂಡಿನಲ್ಲಿ ಒಂದು ಪಾಕೀಟು ಹರಿದು ಬಾಯಿಗೆ ಸುರಿದುಕೊಂಡ. ಟೆನ್ಷನ್ನಂತೆ.)

ಅದೇ ಬಸ್‌ಸ್ಟ್ಯಾಂಡಿನಲ್ಲಿ ಹಿಪ್ನಾಟಿಸಂ ಪುಸ್ತಕ ಸಿಕ್ಕಿತು. ಮನಸ್ಸಿಗೆ ಹೇಳಬೇಕಾದ್ದನ್ನು ನಿಮ್ಮದೇ ದನಿಯಲ್ಲಿ ರೆಕಾರ್ಡ್ ಮಾಡಿ, ಕಣ್ಣು ಮುಚ್ಚಿ ಕೇಳಿ, ಚಟ ತಾನೇ ಬಿಟ್ಟುಹೋಗುತ್ತದೆ ಎಂದು ಅದರಲ್ಲಿ ಬರೆದಿತ್ತು.

೨.

ಈ ಕತೆಯ ಮೊದಲ ಡ್ರಾಫ್ಟಿನಲ್ಲಿ ಅವನ ಚಟ ಹಾಗೇ ಬಿಟ್ಟುಹೋಗಿತ್ತು. ಓದಿ ನನಗೇ ನಗು ಬಂತು, ಹರಿದು ಹಾಕಿದೆ.

ನಡೆದದ್ದು ಇಷ್ಟು. ಮಧ್ಯಾಹ್ನ ಶಟರ್ ಅರ್ಧ ಎಳೆದು, ಬಾಯಲ್ಲಿದ್ದದ್ದನ್ನು ಉಗುಳುವ ಕಷ್ಟ ತೆಗೆದುಕೊಳ್ಳದೆ, ಗದ್ದ ಮೇಲೆತ್ತಿ ಟೇಪ್‌ರೆಕಾರ್ಡರಿಗೆ ಹೇಳಿದ: "ಕಣ್ಣು ಮುಚ್ಚು ಮಹಾರುದ್ರಪ್ಪ. ಮೈ ಹಗೂರ ಆಗಾಕತ್ತದ. ಇನ್ನ ಈ ಜನ್ಮದಾಗ ಗುಟ್ಕಾ ಮುಟ್ಟಂಗಿಲ್ಲ."

ಗಾದಿಯ ಮೇಲೆ ಮಲಗಿ ಕೇಳಿದ. ಒಂದಕ್ಕೆರಡು ದರ ಹೇಳಿ ಇಳಿಸುತ್ತ ಇಳಿಸುತ್ತ ಸೀರೆ ಮಾರಿದ ದನಿ ಅದು. ಅದರ ಮೊದಲ ಮಾತನ್ನು ಊರಿನ ಯಾವ ಹೆಂಗಸೂ ನಂಬಿದ್ದಿಲ್ಲ, ಇವನು ಹೇಗೆ ನಂಬಿಯಾನು?

"ಜನ್ಮ ಅಂದ್ರ ಭಾಳ ಆತು," ಎಂದ ಕಣ್ಣು ಮುಚ್ಚಿಕೊಂಡೇ. "ಊಟ ಆದ ಮ್ಯಾಲ ಒಂದು ಇರ್ಲಿ."

ಎದ್ದು ಕ್ಯಾಸೆಟ್ ಹಿಂದಕ್ಕೆ ಸುತ್ತಿ ಹಾಗೇ ತಿದ್ದಿದ. ಮರುದಿನ ಚಹಾದ ನಂತರದ್ದೊಂದು ಸೇರಿತು. ವಾರದೊಳಗೆ ಅದು ಗುಟ್ಕಾ ತಿನ್ನಲು ಪರ್ಮಿಷನ್ ಕೊಡುವ ಕ್ಯಾಸೆಟ್ಟಾಯಿತು! ನಾಯಿ ಬಾಲ ಡೊಂಕು ಅನ್ನುತ್ತಾರೆ. ನಾಯಿ ಕನಿಷ್ಠ ಪುಸ್ತಕ ಕೊಂಡು ತರುವುದಿಲ್ಲ.

೩.

"ಮೊದಲು ಉಗುಳು ಮಾರಾಯ," ಎಂದೆ. (ಬರೆಯುವವನಿಗೆ ಇಷ್ಟಾದರೂ ಅಧಿಕಾರ ಬೇಡವೇ?)

"ಸಾಹೇಬ್ರ, ನೀವು ಕತಿ ಬರಿಯೂದು ಬಿಡ್ತೀರೇನು?"

"ಅದು ಬೇರೆ."

"ನಂದೂ ಬ್ಯಾರೇನ ಅದರಿ," ಎಂದು ಅರ್ಧವಷ್ಟೇ ತೆರೆಯುವ ಬಾಯಲ್ಲಿ ನಕ್ಕ.

೪.

ಮುಕ್ತಾಯ ಒಂದು: ಕ್ಯಾನ್ಸರ್. ಓದುಗರಿಗೆ ನೀತಿ, ನನಗೆ ಯಾವುದಾದರೂ ಬಹುಮಾನ.

ಮುಕ್ತಾಯ ಎರಡು: ಟೇಪ್ ಸಿಕ್ಕಿಕೊಂಡು ಹರಿಯುತ್ತದೆ, ಅವನಿಗೆ ಜ್ಞಾನೋದಯ. ಥೂ.

ಮೂರನೆಯದು ನನಗೆ ಹಿಡಿಸಿತ್ತು: ಅವನ ಹೆಂಡತಿ ಶಕುಂತಲಾಬಾಯಿಯ ದನಿಯಲ್ಲಿ ರೆಕಾರ್ಡ್ ಮಾಡಿಸುವುದು. ಕೇಳಲೆಂದು ಅಡುಗೆಮನೆಗೇ ಹೋದೆ. ಆಕೆ ಬಿಸಿ ಹಾಲಿನಲ್ಲಿ ರೊಟ್ಟಿ ಮುರಿದು ಹಾಕುತ್ತಿದ್ದಳು.

"ಟೇಪಿನಾಗ ನಾ ಏನು ಹೇಳ್ಲಿರಿ? ಲಗ್ನ ಆದಾಗಿಂದ ಹೇಳಾಕತ್ತೇನಿ." ಚಮಚದಿಂದ ರೊಟ್ಟಿ ಹಿಸುಕಿದಳು. "ಮೊದಲೆಲ್ಲ ಇವರು ರೊಟ್ಟಿ ಹಂಗ ತಿಂತಿದ್ರು. ಆಮ್ಯಾಲ ಹಾಲಿನಾಗ ನೆನಿಸಿ ಕೊಟ್ಟೆ. ಈಗ ಅದೂ ಒಳಗ ಹೋಗವಲ್ದು. ನೀವು ಕತಿ ಹ್ಯಾಂಗರ ಮುಗಸ್ರಿ. ನಾಳಿಗಿ ಇವರಿಗಿ ತಿನ್ನಾಕ ಏನು ಕೊಡ್ಲಿ, ಅದೊಂದು ಹೇಳ್ರಿ."

ಇಷ್ಟು ಹೊತ್ತು ಅವನನ್ನು ಆಡಿಕೊಂಡು ನಕ್ಕ ನನಗೆ ನಾಚಿಕೆಯಾಯಿತು. ಮೂರು ಮುಕ್ತಾಯ ಹೊಸೆಯಬಲ್ಲ ಈ ಮಹಾ ಲೇಖಕನಿಗೆ ಒಂದು ಹೊತ್ತಿನ ಊಟ ಹೊಳೆಯಲಿಲ್ಲ.

ಆಕೆ ಒಲೆಯ ಮುಂದೆ ಇನ್ನೂ ನನ್ನ ಮುಖ ನೋಡುತ್ತ ನಿಂತಿದ್ದಾಳೆ. ನಿಮಗೆ ಗೊತ್ತಿದ್ದರೆ ನೀವೇ ಹೇಳಿ. ನಾನು ಇಲ್ಲಿಂದ ಮುಂದೆ ಬರೆಯಲಾರೆ.