ಶಟರಿಗೆ ಸುತ್ತಿದ ಗೋಣಿಚೀಲ

ಕಿವಿ ಅಲುಗಿತು, ನೊಣಕ್ಕಿರಬೇಕು, ಸೆರಗಿನಿಂದ ಓಡಿಸಿದೆ, ಮತ್ತೆ ಬಂದು ಅಲ್ಲೇ ಕೂತಿತು, ಬಾದಲ್ ಈಗ ತಲೆ ಕೊಡವುವುದಿಲ್ಲ, ನನ್ನ ತೊಡೆಯ ಮೇಲೆ ಇಟ್ಟು ಮಲಗಿದೆ, ಕುದುರೆಯ ತಲೆ ಇಷ್ಟು ಭಾರವೆಂದು ಗೊತ್ತಿರಲಿಲ್ಲ — ಮುಂಗಾಲು ಮಾತ್ರ ನೋಡಬಾರದು, ತಿರುಗಬಾರದ ಕಡೆಗೆ ತಿರುಗಿದೆ, ಅದಕ್ಕೇ ಒದ್ದೆ ಗೋಣಿಚೀಲ ಹೊದಿಸಿದ್ದೇನೆ, ಒಗೆಯುವ ಕಲ್ಲಿನಿಂದ ಅದನ್ನೇ ಹಿಡಿದುಕೊಂಡು ಗದ್ದೆಗೆ ಓಡಿ ಬಂದಿದ್ದೆ. ಲಿಂಗಸುಗೂರಿನಿಂದ ದನದ ಡಾಕ್ಟರಮ್ಮ ಹೊರಟಿದ್ದಾರಂತೆ, ಮಸ್ಕಿ ದಾಟಿದರಂತೆ, ಇನ್ನೇನು ಗೊರೇಬಾಳ. ನಮ್ಮ ಯಜಮಾನ ಕಾಲುವೆ ದಂಡೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದಾನೆ, ಲಾರಿ ಹಾರ್ನಿಗೆ ಬೆದರೈತಿ ಪಕೀರಿ, ಆ ಲಾರಿಯವನ ಕೈ ಸೇದಿ ಹೋಗ್ಲಿ, ಮೂರು ಸಲ ಹೇಳಿದ, ಮೂರು ಸಲವೂ ಹೂಂ ಅಂದೆ.

ಹಾರ್ನು ಆಮೇಲೆ ಬಂತು, ನನಗೆ ಗೊತ್ತು. ಇಶ್ತಿಯಾಕ್ ಹೇಳಿದ್ದ, ಹೈದರಾಬಾದಿನ ರೇಸ್ ಲಾಯದಲ್ಲಿ ಇಪ್ಪತ್ತು ವರ್ಷ ಕುದುರೆ ತಿಕ್ಕಿದವನು, ಓಡುವ ವಯಸ್ಸು ಮುಗಿದ ಇದನ್ನು ಮದುವೆ ಮೆರವಣಿಗೆಗಾದರೂ ಆದೀತೆಂದು ನಮಗೆ ತಂದುಕೊಟ್ಟ ದಿನ, ಅಂಗಳದಲ್ಲಿ ಚಹಾ ಊದುತ್ತ — ಇದು ಟಾಂಗಾ ಕುದುರಿ ಅಲ್ಲ ಅಕ್ಕಾ, ಎರಡ ವರ್ಷಕ್ಕ ಬೆನ್ನ ಮ್ಯಾಲ ಆಳ ಕುಂದ್ರಸ್ತಾರ, ಐವತ್ತ ಕೇಜಿ ಆಳು, ಹೊಟ್ಟಿತುಂಬ ಉಣ್ಣಂಗಿಲ್ಲ ಅವ, ನಮ್ಮ ಆದಪ್ಪಣ್ಣ ಕುಂತ್ರ ರೇಸು ಅಲ್ಲೇ ಮುಗೀತೈತಿ ಬಿಡ್ರಿ. ತನ್ನ ಹೊಟ್ಟೆ ನೀವಿಕೊಂಡು ಯಜಮಾನನೇ ಮೊದಲು ನಕ್ಕ. ಜನವರಿ ಒಂದಕ್ಕೆ ಅಲ್ಲಿನ ಎಲ್ಲ ಕುದುರೆಗೂ ಒಟ್ಟಿಗೇ ವಯಸ್ಸು ಏರುತ್ತದಂತೆ, ಹುಟ್ಟಿದ ದಿನವೂ ಅದರದಲ್ಲ, ಹುಟ್ಟಿದಾಗ ಕಪ್ಪಗಿದ್ದದ್ದು ವರ್ಷ ಕಳೆದಂತೆ ಬೆಳ್ಳಗಾಗಿದೆ, ಬೆಳ್ಳಗಾದದ್ದಕ್ಕೇ ಮದುವೆಗೆ ಬಂತು. ಚಹಾ ಮುಗಿದ ಮೇಲೆ ಇಶ್ತಿಯಾಕ್ ನಗಲಿಲ್ಲ. ಒಂದ ಮಾತ ನೆನಪಿಡ್ರಿ ಅಕ್ಕಾ, ಕಬ್ಬಣದ ಗೇಟಿನ್ಯಾಗ ಸಾಲಾಗಿ ನಿಲ್ಲಸ್ತಾರ, ಗೇಟು ಧಡಲ್ ಅಂತ ತೆರೀತೈತಿ, ಆ ಸಪ್ಪಳಕ್ಕ ಓಡಾದು ಬಿಟ್ರ ಇದಕ್ಕ ಏನೂ ಕಲ್ಸಿಲ್ಲ, ಎರಡೂ ಕಿವಿ ಮುಂದಕ್ಕ ನಿಮರಿದ್ವು ಅಂದ್ರ ಕೈಯಾಗ ಉಳಿಯಂಗಿಲ್ಲ.

ನಮ್ಮ ಲಾಯ ಮೊದಲು ಗೊಬ್ಬರದ ಅಂಗಡಿ, ಬಾಗಿಲಿಗೆ ಕಬ್ಬಿಣದ ಶಟರು, ಮೇಲೆ ಹೋಗಿ ಬಡಿದರೆ ಓಣಿಯೇ ಏಳಬೇಕು. ಅದರ ಅಡಿಯ ಪಟ್ಟಿಗೆ ಗೋಣಿಚೀಲ ಸುತ್ತಿ ಕಟ್ಟಿದ್ದೆ, ಒಳಗೆ ತೊಟ್ಟಿಲ ಕೂಸು ಮಲಗಿದೆಯೇನೋ ಎಂಬಂತೆ ಮೆಲ್ಲಗೆ ಎತ್ತುತ್ತಿದ್ದೆ, ಎರಡು ವರ್ಷ, ದಿನಾ. ಇವತ್ತು ದಢೇಸುಗೂರಿನ ಮದುವೆ ಮನೆಯವರು ಕುದುರೆ ನೋಡಲು ಬರುವವರು, ಲದ್ದಿ ನಾರುವ ಹರಕು ಗೋಣಿ ಬಾಗಿಲಿಗೆ ತೂಗುವುದೇ, ಬಿಚ್ಚಿ ಒಗೆಯಲು ಹಾಕಿದೆ. ಯಜಮಾನ ಹೊರಗೆ ಕುದುರೆಯ ಬೆನ್ನಿಗೆ ಜರಿ ಬಟ್ಟೆ ಹೊದಿಸುತ್ತಿದ್ದ, ಹಣೆಪಟ್ಟಿ ಒಳಗೇ ಉಳಿದಿತ್ತು, ಅಲ್ಲಿ ಬರಾಕತ್ತಾರ, ಲಗೂ ತಾರಬೇ ಅಂದ, ಓಡಿಹೋಗಿ ಶಟರನ್ನು ಒಂದೇ ಏಟಿಗೆ ಎತ್ತಿದೆ — ಧಡಲ್ — ತಿರುಗಿ ನೋಡುತ್ತೇನೆ, ಎರಡು ಕಿವಿ, ಮುಂದಕ್ಕೆ, ನಿಮಿರಿ. ಆಮೇಲೆ ಯಜಮಾನನ ಕೈಯಲ್ಲಿ ಹರಿದ ಹಗ್ಗ, ರಸ್ತೆಯಲ್ಲಿ ಹಾರ್ನು, ಕಾಲುವೆ ಹಾರಿದ ಬಿಳುಪು, ಕೆಸರಿನಲ್ಲಿ ಕಟ್ಟಿಗೆ ಮುರಿದಂತೆ ಒಂದು ಸದ್ದು.

ಜೀಪು ನಿಂತಿತು. ಡಾಕ್ಟರಮ್ಮ ಗೋಣಿ ಸರಿಸಿ, ಕಾಲು ಮುಟ್ಟಿ, ಮತ್ತೆ ಗೋಣಿ ಹೊದಿಸಿದರು. ಕುದುರಿನ್ನ ತಿಂಗಳಗಟ್ಟಲೆ ಮಲಗಸಾಕ ಬರಂಗಿಲ್ಲಮ್ಮಾ, ಮೂರ ಕಾಲ ಮ್ಯಾಲ ನಿಂತ್ರ ಆ ಕಾಲೂ ಕೆಡತಾವ, ಒಂದ ಸೂಜಿ ಹಾಕಿ ಸಂಕಟ ತಪ್ಪಸೂಣು, ಯಜಮಾನ್ರು ಹೂಂ ಅನ್ಬೇಕು. ಅವನು ದಂಡೆಯಿಂದಲೇ, ಆಕಿನ್ನ ಕೇಳ್ರಿ, ಮೇವು ಹಾಕ್ದಾಕಿ ಆಕಿ, ಎಂದ, ಎನ್ನುತ್ತಲೇ ಈಚೆ ತಿರುಗಿದ, ಕಣ್ಣು ಗೋಣಿಯ ಮೇಲೆ ಬಿತ್ತು, ಅಲ್ಲೇ ನಿಂತಿತು. ಈ ಚೀಲ ಶಟರಿಗೆ ಇರಬೇಕಿತ್ತಲ್ಲ ಪಕೀರಿ. ಹೂಂ ಅಂದೆ. ಅವನಿಗೆ ಅಂದದ್ದು, ಡಾಕ್ಟರಮ್ಮನೂ ಕೇಳಿಸಿಕೊಂಡರು, ಇರಲಿ, ಇಬ್ಬರಿಗೂ ಅದೇ. ಅವರು ತಗಡಿನ ಪೆಟ್ಟಿಗೆಗೆ ಕೈ ಹಾಕಿದರು, ತಡೀರಿ ಅವ್ವಾ ಎಂದೆ, ಗೋಣಿಯನ್ನು ಪೆಟ್ಟಿಗೆಗೆ ಸುತ್ತಿದೆ, ಕೀಲಿಗೆ, ಕೊಂಡಿಗೆ, ಮುಚ್ಚಳದ ಅಂಚಿಗೆ, ಈಗ ತೆಗೀರಿ, ಸಾವಕಾಶ. ತೆಗೆದರು. ಸದ್ದೇ ಇಲ್ಲ, ಗಾಳಿಗೆ ಭತ್ತ ಅಲುಗುವುದಷ್ಟೇ, ಸದ್ದೇ ಇಲ್ಲ — ಆದರೂ ನನ್ನ ತೊಡೆಯ ಮೇಲೆ ಎರಡು ಕಿವಿ, ಮುಂದಕ್ಕೆ, ನಿಮಿರಿ